ಊರಿಗೆ ಹೋಗುವ ದಾರಿಯಲ್ಲಿ ಒಂದು ಬೆಂಕಿಬೆಟ್ಟ

ಬೆಂಗಳೂರಿನ ಒಂದು ಲ್ಯಾಬಿನಿಂದ ನನ್ನ ಗಂಡನ ಫೋನಿಗೆ ಮೆಸೇಜ್ ಬಂದಾಗ ಅವರು ತೀರಿಕೊಂಡು ಏಳು ವಾರವಾಗಿತ್ತು. ನಾಳೆ ಬೆಳಿಗ್ಗೆ ಏಳೂವರೆಗೆ ನಿಮ್ಮ ಪೂರ್ಣ ಆರೋಗ್ಯ ತಪಾಸಣೆ ಇದೆ, ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಬನ್ನಿ ಎಂದು ಅದರಲ್ಲಿತ್ತು. ಅಲ್ಲಿಯವರೆಗೂ ನಾನು ಆ ಫೋನನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಆ ಮೆಸೇಜ್ ಓದಿದ ಮೇಲೆ ಹಾಕುವುದನ್ನು ಬಿಟ್ಟೆ.

ನ್ಯೂಜೆರ್ಸಿಯಲ್ಲಿ ನಮ್ಮಂಥವರ ಮನೆಗಳಲ್ಲಿ ‘ಊರಿಗೆ ಹೋದಾಗ’ ಎನ್ನುವ ಒಂದು ಪಟ್ಟಿ ಸದಾ ಇರುತ್ತದೆ. ಹಲ್ಲು ಊರಿಗೆ ಹೋದಾಗ ತೋರಿಸುವುದು. ಕನ್ನಡಕ ಊರಿಗೆ ಹೋದಾಗ ಮಾಡಿಸುವುದು. ಮಂಡಿ ನೋವು, ಥೈರಾಯ್ಡು, ಬೆನ್ನಿನ ಗಂಟು, ಎಲ್ಲ ಊರಿಗೆ ಹೋದಾಗ. ಇಲ್ಲಿ ಯಾರ ಹತ್ತಿರ ಹೋಗಬೇಕು, ಇನ್ಶೂರೆನ್ಸಿನವರು ಒಪ್ಪುತ್ತಾರೋ ಇಲ್ಲವೋ, ರಜೆ ಹಾಕಿದರೆ ಮ್ಯಾನೇಜರ್ ಏನಂದುಕೊಳ್ಳುತ್ತಾನೋ. ಅಲ್ಲಾದರೆ ಒಂದೇ ಬೆಳಿಗ್ಗೆ ತಲೆಯಿಂದ ಕಾಲಿನವರೆಗೆ ನೋಡಿ, ಕೊನೆಗೆ ಇಡ್ಲಿ ಕಾಫಿ ಕೊಟ್ಟು ಕಳಿಸುತ್ತಾರೆ. ನಾನೂ ಈ ಪಟ್ಟಿಯನ್ನು ನಂಬಿದವಳೇ. ನನ್ನ ಎರಡು ಹಲ್ಲು ಅದರಲ್ಲಿದ್ದವು.

ನಾವು ಆರು ವರ್ಷ ಊರಿಗೆ ಹೋಗಿರಲಿಲ್ಲ. ಗ್ರೀನ್ ಕಾರ್ಡಿನ ಕಾಗದ ನಡೆಯುತ್ತಿತ್ತು. ಈಗ ಹೊರಗೆ ಹೋದರೆ ವಾಪಸು ಬರುವ ವೀಸಾದ ಸ್ಟ್ಯಾಂಪಿಂಗ್ ಆಗದೆ ಅಲ್ಲೇ ಉಳಿಯಬೇಕಾದೀತು ಎಂದು ಅವರಿಗೆ ಭಯ. ಅವರ ಅಮ್ಮ ತೀರಿಕೊಂಡಾಗಲೂ ಹೋಗಲಿಲ್ಲ. ಕೆಂಡಲ್ ಪಾರ್ಕಿನ ಮನೆಯಿಂದ ಮಾರಿಸ್‌ಟೌನಿನ ಆಫೀಸಿಗೆ, ಆಫೀಸಿನಿಂದ ಮನೆಗೆ, ದಿನಕ್ಕೆ ಎರಡು ಗಂಟೆ ಡ್ರೈವ್ ಮಾಡಿಕೊಂಡು ಕಾದರು. ಕಾರ್ಡು ಬಂದ ದಿನ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಎರಡೂ ಕಡೆ ಗಟ್ಟಿಯಾಗಿ ಓದಿದರು. ಅವರಿಗೆ ಏನನ್ನೂ ಮನಸ್ಸಿನೊಳಗೆ ಓದಿಕೊಳ್ಳಲು ಬರುತ್ತಿರಲಿಲ್ಲ. ಮಾವನವರಿಗೆ ಅಕ್ಷರ ತಿಳಿದಿರಲಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಬಸ್ಸಿನ ಬೋರ್ಡು ಓದಿ ಹೇಳುತ್ತಿದ್ದುದು ಇವರೇ, ಏಳು ವರ್ಷದವರಿದ್ದಾಗಿನಿಂದ. ಆ ಅಭ್ಯಾಸ ಕೊನೆಯವರೆಗೂ ಹೋಗಲಿಲ್ಲ. ಹೈವೇಯಲ್ಲಿ, ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಎಲ್ಲಿ ಬೋರ್ಡು ಕಂಡರೂ ಓದುವರು.

ಆ ಡಿಸೆಂಬರಿಗೆ ಊರಿನ ಟಿಕೆಟ್ ತೆಗೆಯುವಾಗ ದಾರಿಯಲ್ಲಿ ಬಾಲಿಗೆ ಹೋಗೋಣ ಎಂದರು. ಅದು ದಾರಿಯಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆಫೀಸಿನಲ್ಲಿ ಯಾರೋ ಫೋಟೊ ತೋರಿಸಿದ್ದರಂತೆ. ಕತ್ತಲಲ್ಲಿ ಗೈಡಿನ ಜೊತೆ ಜ್ವಾಲಾಮುಖಿ ಹತ್ತುವುದು, ಮೇಲೆ ಸೂರ್ಯ ಹುಟ್ಟುವುದನ್ನು ನೋಡುವುದು, ಇಳಿದು ಬಂದು ಬಿಸಿನೀರಿನ ಬುಗ್ಗೆಯಲ್ಲಿ ಕೂರುವುದು. ಈಜು ಬಾರದ ಮನುಷ್ಯ ಅದಕ್ಕಾಗಿ ಒಂದು ನೀಲಿ ಈಜುಚಡ್ಡಿ ತಂದರು. ಅದರ ಲೇಬಲ್ಲು ಇನ್ನೂ ಕಿತ್ತಿಲ್ಲ. ಮೊದಲು ಬೆಟ್ಟ, ಆಮೇಲೆ ಬಿಸಿನೀರು, ಆಮೇಲೆ ಊರು, ಊರಿಗೆ ಹೋದ ಮೂರನೆಯ ದಿನ ಇಬ್ಬರಿಗೂ ಚೆಕಪ್. ಈ ಕ್ರಮದಲ್ಲಿ ಎಲ್ಲ ಬುಕ್ ಮಾಡಿದರು. ಈ ಕ್ರಮವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗುಮುರುಗು ಮಾಡಿ ನೋಡಿದ್ದೇನೋ.

ಅಭ್ಯಾಸಕ್ಕೆಂದು ಭಾನುವಾರ ಬೆಳಿಗ್ಗೆ ಮನೆಯಿಂದ ಅರ್ಧ ಗಂಟೆ ದೂರದ ಒಂದು ಗುಡ್ಡ ಹತ್ತತೊಡಗಿದೆವು. ಬುಡದಲ್ಲಿ ಒಂದು ಬೋರ್ಡು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲದೊಳಗೆ ಕುದಿಯುತ್ತಿದ್ದದ್ದು ಅಲ್ಲೇ ಆರಿ ಗಟ್ಟಿಯಾಗಿ ಈ ಬಂಡೆಗಳಾದವು ಎಂದು. ಪ್ರತಿ ಭಾನುವಾರವೂ ಅದನ್ನು ಓದುವರು. ಮಕ್ಕಳನ್ನು ಕರೆದುಕೊಂಡು ಹೋಗುವವರು ನಮ್ಮನ್ನು ದಾಟಿ ಹೋಗುತ್ತಿದ್ದರು, ಅಷ್ಟು ಸಣ್ಣ ಗುಡ್ಡ.

ಅಕ್ಟೋಬರಿನ ಒಂದು ಭಾನುವಾರ ಅರ್ಧ ದಾರಿಯಲ್ಲಿ ಅವರು ಒಂದು ಬಂಡೆಯ ಮೇಲೆ ಕೂತರು.

“ಲೇಸ್ ಬಿಚ್ಕೊಂಡಿದೆ ಕಣೇ. ಒಂದ್ನಿಮಿಷ.”

ಲೇಸ್ ಬಿಚ್ಚಿರಲಿಲ್ಲ. ನಾನು ಎರಡು ಹೆಜ್ಜೆ ಮೇಲೆ ನಿಂತಿದ್ದೆ, ಎರಡೂ ಬೂಟು ಕಾಣುತ್ತಿದ್ದವು. ಅವರ ಎಡಗೈ ಜಾಕೆಟ್ಟಿನೊಳಗೆ ಎದೆಯ ಮೇಲಿತ್ತು. ಚಳಿಯಲ್ಲೂ ಹಣೆಯಲ್ಲಿ ನೀರಿತ್ತು.

“ಈ ದಿಬ್ಬಕ್ಕೇ ಹಿಂಗಾದ್ರೆ ಆ ಬೆಂಕಿಬೆಟ್ಟಕ್ಕೆ ನಿಮ್ಮನ್ನ ಕಂಬ್ಳೀಲಿ ಕಟ್ಟಿ ಹೊತ್ಕೊಂಡ್ ಹೋಗ್ಬೇಕು ರೀ” ಎಂದೆ.

“ಹೊತ್ಕೊಂಡ್ ಹೋಗು. ಅದಕ್ಕೇ ತಾನೆ ಮದ್ವೆ ಆಗಿದ್ದು” ಎಂದು ನಕ್ಕು ಎದ್ದರು.

ಆಮೇಲೆ ನಾನು ಮುಂದೆ, ಅವರು ಹಿಂದೆ. ಮೇಲಿನವರೆಗೂ ತಿರುಗಿ ನೋಡಲಿಲ್ಲ. ಅವರಿಗೆ ರೋಷ ಬರಲಿ ಎಂದೇ ಬೇಗ ಬೇಗ ಹತ್ತಿದೆ.

ನವೆಂಬರಿನ ಮೊದಲ ವಾರ ಒಂದು ಮಂಗಳವಾರ ಅವರು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಸೀಟ್ ಬೆಲ್ಟ್ ಬಿಚ್ಚುವ ಮೊದಲೇ ಹೋದರು. ಎಂಜಿನ್ ಓಡುತ್ತಲೇ ಇತ್ತಂತೆ. ಒಂದು ಗಂಟೆಯ ನಂತರ ಯಾರೋ ಗಮನಿಸಿದರು.

ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಚಿತ್ರಾನ್ನದ ಡಬ್ಬಿ, ಸಾರಿನ ಪಾತ್ರೆ ಕೆಳಗಿಟ್ಟು, ಸ್ವಲ್ಪ ಹೊತ್ತು ಕೈ ಹಿಡಿದು ಕೂತು, ಆಮೇಲೆ ದನಿ ತಗ್ಗಿಸಿ, “ಮುಂಚೆ ಏನಾದ್ರೂ ಸಿಂಪ್ಟಮ್ಸ್ ಇತ್ತಾ ಆಂಟಿ?” ಅವರವರ ಗಂಡಂದಿರ ಚಿಂತೆ ಅವರಿಗೆ. ಇದ್ದರೆ ಮನೆಗೆ ಹೋಗಿ ತಮ್ಮವರನ್ನು ಕೇಳಬೇಕು, ಇಲ್ಲದಿದ್ದರೆ ಹಣೆಬರಹ ಎಂದು ಸಮಾಧಾನ ಮಾಡಿಕೊಳ್ಳಬೇಕು. ನಾನು ಇಲ್ಲ ಎಂದೆ. ಏನೂ ಇರಲಿಲ್ಲ, ಚೆನ್ನಾಗೇ ಇದ್ದರು, ಪ್ರತಿ ಭಾನುವಾರ ಗುಡ್ಡ ಹತ್ತುತ್ತಿದ್ದರು. ಅದನ್ನು ಅಷ್ಟು ಸಲ ಹೇಳಿದ ಮೇಲೆ ಬಂಡೆಯ ಮೇಲೆ ಕೂತದ್ದು ಸುಳ್ಳಾಗಿ ಹೋಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಆ ಪ್ರಶ್ನೆ ಕೇಳದವಳು ಒಬ್ಬಳೇ, ನನ್ನ ಮಗಳು. ಅವಳು ಹ್ಯಾರಿಸನ್ನಿನಲ್ಲಿ ಅಪಾರ್ಟ್‌ಮೆಂಟ್ ಮಾಡಿಕೊಂಡು ನ್ಯೂಯಾರ್ಕಿಗೆ ಟ್ರೇನಿನಲ್ಲಿ ಕಮ್ಯೂಟ್ ಮಾಡುತ್ತಾಳೆ. ಬಂದು ಮೂರು ವಾರ ನನ್ನ ಜೊತೆ ಇದ್ದಳು. ಆಫೀಸಿಗೆ, ಬ್ಯಾಂಕಿಗೆ, ಇನ್ಶೂರೆನ್ಸಿಗೆ ಫೋನು ಮಾಡಿದವಳು ಅವಳೇ. ನನ್ನ ಮನಸ್ಸು ನೋಯಬಾರದೆಂದು ಕೇಳುತ್ತಿಲ್ಲ ಎಂದುಕೊಂಡೆ. ಅದಕ್ಕೆ ಅವಳ ಮೇಲೆ ಒಂದು ಗೌರವವೂ ಬಂದಿತ್ತು.

ಹೋಗುವ ಮುನ್ನ ಅವಳು, ಬಾಲಿಯ ಬುಕಿಂಗನ್ನು ಮುಂದಕ್ಕೆ ಹಾಕಬಹುದಂತೆ, ವಸಂತದಲ್ಲಿ ನಾವಿಬ್ಬರೂ ಹೋಗೋಣ, ಅಪ್ಪನಿಗೆ ಇಷ್ಟವಾಗುತ್ತಿತ್ತು ಎಂದಳು. ನಾನು, ಸಾವಾದ ಮನೆಯವರು ವರ್ಷ ತುಂಬುವ ತನಕ ಬೆಟ್ಟ ಹತ್ತುವಂತಿಲ್ಲ ಎಂದೆ. ಅದು ಸುಳ್ಳಲ್ಲ. ನಮ್ಮ ಕಡೆ ಹಾಗೇ. ದೇವರ ಬೆಟ್ಟ ಹತ್ತಬಾರದು ಎನ್ನುವುದು ಶಾಸ್ತ್ರ, ಎಲ್ಲ ಬೆಟ್ಟಕ್ಕೂ ಅದನ್ನು ಹೊಂದಿಸಿದವಳು ನಾನು. ಬೆಂಗಳೂರಿನಿಂದ ನನ್ನ ನಾದಿನಿ ಫೋನಿನಲ್ಲಿ ಹೊಗಳಿದಳು. ಅಷ್ಟು ದೂರ ಇದ್ದರೂ ಅತ್ತಿಗೆ ಪದ್ಧತಿ ಬಿಟ್ಟಿಲ್ಲ ಎಂದು ನೆಂಟರಿಗೆಲ್ಲ ಹೇಳಿದಳಂತೆ. ಕೆಂಡಲ್ ಪಾರ್ಕಿನಲ್ಲೂ ಆ ಮಾತು ಹರಡಿತು. ನಾನು ಕೆಲಸ ಮಾಡುವ ಡೇಕೇರಿನಲ್ಲಿ ಮಕ್ಕಳಿಗೆ ಅನ್ನ ಕಲಸುತ್ತಿದ್ದಾಗ ಒಬ್ಬಳು ತಾಯಿ, ನಿಮ್ಮಂಥವರಿಂದ ನಾವು ಕಲಿಯಬೇಕು ಎಂದಳು.

ನನಗೆ ಭಕ್ತಿಯೂ ಇರಲಿಲ್ಲ, ಪದ್ಧತಿಯ ಮೇಲೆ ಅಂಥ ಪ್ರೀತಿಯೂ ಇರಲಿಲ್ಲ. ಬೆಟ್ಟ ಬೇಡವಾಗಿತ್ತು, ಅಷ್ಟೆ. ಪದ್ಧತಿ ಕೈಗೆ ಸಿಕ್ಕಿತು.

ವರ್ಷ ತುಂಬಿತು. ಮೈದುನ ತುಮಕೂರಿನಲ್ಲಿ ವರ್ಷಾಂತಿಕ ಮಾಡಿದ. ನಾವು ಇಲ್ಲಿ ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ನೋಡಿದೆವು. ಪಿಂಡ ಇಡುವಾಗ ಎರಡು ಸಲ ಚಿತ್ರ ನಿಂತುಹೋಯಿತು. ಮುಗಿದ ಮೇಲೆ ಮಗಳು ಫೋನು ಮಗುಚಿ ಇಟ್ಟು, “ಸೋ. ಈಗೇನ್ ಎಕ್ಸ್‌ಕ್ಯೂಸ್, ಅಮ್ಮ?” ಎಂದಳು. ಎಕ್ಸ್‌ಕ್ಯೂಸ್ ಎಂದು ಬೇಕೆಂದೇ ಹೇಳಿದಳೋ, ಬಾಯಿಗೆ ಬಂದಿತೋ ಗೊತ್ತಿಲ್ಲ. ಡಿಸೆಂಬರಿನಲ್ಲಿ ಹೊರಟೆವು.

ಬಾಲಿಯಲ್ಲಿ ನಮ್ಮನ್ನು ಬೆಳಗಿನ ಎರಡು ಗಂಟೆಗೇ ಹೋಟೆಲಿನಿಂದ ಎಬ್ಬಿಸಿ ಕರೆದುಕೊಂಡು ಹೋದರು. ಗೈಡು ನಲವತ್ತರ ಆಸುಪಾಸಿನವನು. ಹರಿದ ಪ್ಲಾಸ್ಟಿಕ್ ಜಾಕೆಟ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ನಮ್ಮ ಕಾಲಲ್ಲಿ ಹೊಸ ಬೂಟು, ಹಣೆಗೆ ಕಟ್ಟುವ ಟಾರ್ಚು, ಕೈಯಲ್ಲಿ ಕೋಲು. ಬುಡದಲ್ಲಿ ಒಂದು ಸಣ್ಣ ಗುಡಿ. ಅವನು ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ನಾಲ್ಕು ಅಕ್ಕಿಕಾಳು, ಒಂದು ಬಿಸ್ಕತ್ತು ಇಟ್ಟು ಊದುಬತ್ತಿ ಹಚ್ಚಿದ. ಬಿಸ್ಕತ್ತು ನೋಡಿ ಮಗಳು ನಕ್ಕಳು. ಆಮೇಲೆ ಅವನು ತನ್ನ ಇಂಗ್ಲಿಷಿನಲ್ಲಿ ಕೇಳಿದ: ಮೇಲೆ ದೇವರ ಜಾಗ ಇದೆ, ನಿಮ್ಮ ಮನೆಯಲ್ಲಿ ಹತ್ತಿರದಲ್ಲಿ ಯಾರಾದರೂ ತೀರಿಕೊಂಡಿದ್ದಾರಾ? ಅವರಲ್ಲಿ ಸಾವಿನ ಮೈಲಿಗೆ ಇರುವವರು ಅಲ್ಲಿ ಕಾಲಿಡುವುದಿಲ್ಲವಂತೆ.

ನನ್ನ ಎದೆ ಒಂದು ಕ್ಷಣ ಹಗುರವಾಯಿತು. ಇಷ್ಟು ದೂರ ಬಂದ ಮೇಲೂ ಒಂದು ದಾರಿ ತೆರೆಯಿತಲ್ಲ ಎಂದು. ಮಗಳು ನನಗಿಂತ ಮುಂಚೆ ಬಾಯಿಬಿಟ್ಟಳು. ಅಪ್ಪ ತೀರಿಕೊಂಡಿದ್ದಾರೆ, ವರ್ಷ ಆಯಿತು, ನಮ್ಮಲ್ಲೂ ಹೀಗೇ ಪದ್ಧತಿ ಇದೆ, ಅಮ್ಮ ಒಂದು ವರ್ಷ ಕಾದಿದ್ದಾರೆ ಎಂದಳು.

“ಒನ್ ಇಯರ್?” ಎಂದು ಅವನು ಬೆರಗಾದ. ಅವರಲ್ಲಿ ಅಷ್ಟು ದಿನ ಇಲ್ಲವಂತೆ. “ಟೂ ಲಾಂಗ್, ಮಾಮಾ. ನೌ ಯು ಗೋ ಅಪ್.” ಮಾಮಾ ಎಂದರೆ ಅವನ ಬಾಯಲ್ಲಿ ಅಮ್ಮ. ತಟ್ಟೆಗೆ ಇನ್ನೊಂದು ಹೂವು ಹಾಕಿದ.

ಅಲ್ಲೂ ನನ್ನ ನೆಪ ಮುಗಿಯಿತು.

ಮೊದಲ ಒಂದು ಗಂಟೆ ಕಾಡಿನ ಹಾದಿ. ಆಮೇಲೆ ಬರೀ ಕರಿ ಮರಳು, ಕರಿ ಜಲ್ಲಿ. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತದೆ. ಮೇಲೆ ಮುಂದಿನವರ ಟಾರ್ಚುಗಳ ಸಾಲು, ಕೆಳಗೆ ಹಿಂದಿನವರ ಸಾಲು. ಗೈಡು ಬೀಡಿಯಂಥದ್ದೇನೋ ಸೇದುತ್ತ ಹತ್ತುತ್ತಿದ್ದ. ಲವಂಗದ ವಾಸನೆ ಬರುತ್ತಿತ್ತು. ನನಗೆ ಉಸಿರು ಸಾಲಲಿಲ್ಲ. ಎದೆಯ ನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಒಂದು ಕಲ್ಲಿನ ಮೇಲೆ ಕೂತೆ. ಮಗಳ ಟಾರ್ಚು ನನ್ನ ಮುಖಕ್ಕೆ ಬಂತು.

“ಏನಾಯ್ತು?”

“ಲೇಸ್ ಬಿಚ್ಕೊಂಡಿದೆ” ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತು ಎಂದು ಇವತ್ತಿಗೂ ಗೊತ್ತಿಲ್ಲ. ಹುಡುಕಿ ಹೇಳಿದ್ದಲ್ಲ. ಅದೇ ಬಂತು. ಮಗಳ ಟಾರ್ಚು ನನ್ನ ಮುಖದಿಂದ ಇಳಿದು ಬೂಟಿನ ಮೇಲೆ ನಿಂತಿತು. ಎರಡೂ ಲೇಸು ಬಿಗಿಯಾಗಿ ಕಟ್ಟಿದ್ದವು, ಹೋಟೆಲಿನಲ್ಲಿ ಕಟ್ಟಿಕೊಟ್ಟವಳು ಅವಳೇ. ಬೆಳಕು ಅಲ್ಲೇ ಸ್ವಲ್ಪ ಹೊತ್ತು ಇತ್ತು. ಅವಳು ಕೂತು, ಬಿಗಿಯಾಗಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಮೇಲೆ ಮುಟ್ಟಿದಾಗ ಮೋಡ. ಡಿಸೆಂಬರಿನಲ್ಲಿ ಅಲ್ಲಿ ಮಳೆಗಾಲವಂತೆ. ಊರಿನ ಪ್ರಯಾಣಕ್ಕೆ ಹೊಂದುವ ತಿಂಗಳು ನೋಡಿದ್ದರೇ ಹೊರತು ಅಲ್ಲಿನ ಆಕಾಶವನ್ನು ನನ್ನ ಗಂಡ ನೋಡಿರಲಿಲ್ಲ. ಹಲಗೆಯ ಬೆಂಚಿನ ಮೇಲೆ ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ಕೂತೆವು. ಕಪ್ಪು ಬೂದಿಯಾಯಿತು, ಬೂದಿ ಬಿಳಿಯಾಯಿತು. ಅಷ್ಟೇ ಸೂರ್ಯೋದಯ. ಗೈಡು ಸೂರ್ಯ ತನ್ನ ತಪ್ಪಿನಿಂದ ಬರಲಿಲ್ಲವೇನೋ ಎಂಬಂತೆ ಮೂರು ಸಲ ಸಾರಿ ಎಂದ. ನೆಲದ ಒಂದು ಬಿರುಕಿನಲ್ಲಿ ಹಬೆ ಬರುತ್ತಿತ್ತು. ಅದರಲ್ಲಿ ಮೊಟ್ಟೆ ಬೇಯಿಸಿ ಕೊಟ್ಟ. ನಾನು ಮೊಟ್ಟೆ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಬಾಳೆಹಣ್ಣನ್ನು ಅದೇ ಬಿರುಕಿನಲ್ಲಿ ಬೇಯಿಸಿದ. ಮಗಳು ಎರಡು ಮೊಟ್ಟೆ ತಿಂದಳು. ಪಕ್ಕದ ಜೋಡಿಯೊಂದು ಮೋಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತು. ನಾನು ಹಬೆಯ ಮೇಲೆ ಕೈ ಹಿಡಿದುಕೊಂಡು ಕೂತೆ. ಇಲ್ಲಿಯ ಬೆಂಕಿ ಇನ್ನೂ ಆರಿಲ್ಲ. ನಮ್ಮ ಕಡೆಯದು ಆರಿ ಬಂಡೆಯಾಗಿತ್ತು. ಅವರನ್ನು ಕೊಂದದ್ದು ಯಾವುದು ಎಂದು ಕೇಳಿದರೆ ಆ ಆರಿದ ಗುಡ್ಡವನ್ನೇ ತೋರಿಸುತ್ತೇನೆ.

ಬಿಸಿನೀರಿನ ಜಾಗ ಕೆಳಗೆ ಕೆರೆಯ ದಂಡೆಯಲ್ಲಿತ್ತು. ಕಲ್ಲು ಕಟ್ಟಿದ ಮೂರು ಕೊಳ, ಗಂಧಕದ ವಾಸನೆ, ಬಟ್ಟೆ ಇಡುವ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಮಣಿಕಟ್ಟಿಗೆ ಕಟ್ಟಿಕೊಡುತ್ತಾರೆ. ಮಗಳು ನನಗಾಗಿ ಮಂಡಿಯವರೆಗೆ ಬರುವ ಈಜುಡುಗೆ ತಂದಿದ್ದಳು. ಅವಳು ಆಗಲೇ ಇಳಿದು ಕತ್ತಿನವರೆಗೆ ನೀರಲ್ಲಿದ್ದಳು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಪಕ್ಕದ ಗೋಡೆಯಲ್ಲಿ ಒಂದು ಬೋರ್ಡು. ಅವರಿದ್ದಿದ್ದರೆ ಓದದೆ ಇಳಿಯುತ್ತಿರಲಿಲ್ಲ ಎಂದುಕೊಂಡು ನಾನೇ ಗಟ್ಟಿಯಾಗಿ ಓದಿದೆ.

“ಹಾರ್ಟ್ ಪ್ರಾಬ್ಲಂ ಇರೋರು ನೀರಿಗೆ ಇಳೀಬಾರ್ದಂತೆ.”

ಮಗಳು ಬೋರ್ಡು ನೋಡಿದಳು. “ಅಪ್ಪ ಇಳೀತಿದ್ರು” ಎಂದಳು. “ಪೂರ್ತಿ ಓದಿ, ಆಮೇಲೆ ಇಳೀತಿದ್ರು.”

ನನಗೆ ನಗು ಬಂತು. ನಗುತ್ತ ಮೆಟ್ಟಿಲ ಮೇಲೆ ಕೂತೆ, ಕಾಲು ನೀರಿನಲ್ಲಿ. ನಂತರ ಎಲ್ಲ ಹೇಳಿದೆ. ಗುಡ್ಡ, ಬಂಡೆ, ಬಿಚ್ಚದ ಲೇಸು, ಜಾಕೆಟ್ಟಿನೊಳಗಿನ ಕೈ, ಹಣೆಯ ಬೆವರು. ನಾನು ಆಡಿದ ಮಾತನ್ನು ಆಡಿದ ಹಾಗೇ ಹೇಳಿದೆ. ತಿರುಗಿ ನೋಡದೆ ಹತ್ತಿದ್ದನ್ನೂ ಹೇಳಿದೆ. ಹೇಳುವಾಗ ಕೆರೆಯ ಕಡೆ ನೋಡುತ್ತಿದ್ದೆ.

“ಐ ನೋ” ಎಂದಳು ಮಗಳು. “ಅವತ್ತು ಈವ್ನಿಂಗ್ ನಂಗೆ ಕಾಲ್ ಮಾಡಿದ್ರು.”

ಗ್ಯಾರೇಜಿನಿಂದ ಮಾಡಿದ್ದರಂತೆ, ನನಗೆ ಕೇಳಿಸಬಾರದೆಂದು. ಗುಡ್ಡ ಹತ್ತುವಾಗ ಎದೆ ಹಿಡಿದ ಹಾಗಾಯಿತು, ಗ್ಯಾಸಿಗೆ ಇಲ್ಲಿ ಯಾವ ಮಾತ್ರೆ ಸಿಗುತ್ತದೆ ಎಂದು ಕೇಳಿದರಂತೆ.

“ನಾನು ಟ್ರೇನ್‌ನಲ್ಲಿದ್ದೆ. ಆ್ಯಂಟಾಸಿಡ್ ತಗೊಳ್ಳಿ, ಡಾಕ್ಟರ್‌ಗೆ ತೋರ್ಸಿ ಅಂದೆ. ಊರಿಗೆ ಹೋದಾಗ ಹೆಂಗೂ ಚೆಕಪ್ ಇದ್ಯಲ್ಲ ಅಂದ್ರು. ನಾನು ಓಕೆ ಅಂದೆ.” ಅವಳ ದನಿ ಏರಲಿಲ್ಲ. “ಐ ಸೆಡ್ ಓಕೆ, ಅಮ್ಮ.”

ಅಮ್ಮನಿಗೆ ಹೇಳಬೇಡ, ಗೊತ್ತಾದರೆ ಟ್ರಿಪ್ ಕ್ಯಾನ್ಸಲ್ ಮಾಡಿಸಿಬಿಡುತ್ತಾಳೆ ಎಂದೂ ಅಂದಿದ್ದರಂತೆ.

ನಾನು ಕ್ಯಾನ್ಸಲ್ ಮಾಡಿಸುತ್ತಿದ್ದೆನೇ? ಮಾಡಿಸುತ್ತಿದ್ದೆ ಎಂದು ಹೇಳಿಕೊಳ್ಳಲು ಇಷ್ಟ. ಆದರೆ ಅವತ್ತು ಬೆಳಿಗ್ಗೆ ನನ್ನ ಕಣ್ಣಿಗೆ ಎಲ್ಲವೂ ಬಿದ್ದಿತ್ತು, ನಾನು ಮಾಡಿದ್ದು ಹಾಸ್ಯ.

ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಎನ್ನಿಸಲಿಲ್ಲ. ಸಿಟ್ಟು ಬಂತು. “ಒಂದ್ ವರ್ಷ ನನ್ನ ಹತ್ರ ಬಚ್ಚಿಟ್ಟಿದ್ಯಲ್ಲೇ” ಎಂದೆ.

“ನೀನು?”

ಇಬ್ಬರಿಗೂ ಅವರ ಮೇಲೆ ಸಿಟ್ಟು, ಅವರು ಸಿಗುವುದಿಲ್ಲವಾದ್ದರಿಂದ ಒಬ್ಬರ ಮೇಲೊಬ್ಬರು ತೀರಿಸಿಕೊಂಡೆವು. ಹೆಂಡತಿಗೆ ಲೇಸು ಎಂದರು, ಮಗಳಿಗೆ ಗ್ಯಾಸು ಎಂದರು. ಇಬ್ಬರಿಗೂ ಅರ್ಧರ್ಧ ಹಂಚಿ ಹೋದರು. ಆ ಎರಡು ಅರ್ಧವನ್ನು ಸೇರಿಸಲು ನಾವು ಭೂಮಿಯ ಆ ಕಡೆಗೆ ಹೋಗಬೇಕಾಯಿತು. ಕೆಂಡಲ್ ಪಾರ್ಕಿಗೂ ಹ್ಯಾರಿಸನ್ನಿಗೂ ಮುಕ್ಕಾಲು ಗಂಟೆಯ ದಾರಿ.

ನಾನು ನೀರಿಗಿಳಿದು ಕೊಳದ ಇನ್ನೊಂದು ಮೂಲೆಯಲ್ಲಿ ಕೂತೆ. ಗೈಡು ಟವೆಲ್ಲು ಹಿಡಿದು ಬಂದು ನೀರು ಹೇಗಿದೆ ಎಂದು ಕೇಳಿದ. ಇಬ್ಬರೂ ಒಟ್ಟಿಗೇ ವೆರಿ ನೈಸ್ ಎಂದೆವು. ನೀರು ಹಿತವಾಗಿಯೇ ಇತ್ತು. ಅಂಥ ಹೊತ್ತಿನಲ್ಲೂ ನನ್ನ ಮಂಡಿ, ಸೊಂಟ, ಬೆನ್ನು ಒಂದೊಂದಾಗಿ ಸಡಿಲವಾದವು. ಮೈಗೆ ನಾಚಿಕೆ ಇಲ್ಲ ಎಂದು ಅವತ್ತು ತಿಳಿಯಿತು.

ಅಲ್ಲಿಂದ ಬೆಂಗಳೂರಿಗೆ ಹೋದೆವು. ನಾದಿನಿಯ ಮನೆಯಲ್ಲಿ ಎರಡನೆಯ ದಿನವೇ ಅವಳು ಚೆಕಪ್ಪಿನ ಮಾತು ತೆಗೆದಳು. ಹೊಸ ಪ್ಯಾಕೇಜ್ ಬಂದಿದೆ, ಅಣ್ಣನಿಗಂತೂ ಆಗಲಿಲ್ಲ, ನೀವಾದರೂ ಮಾಡಿಸಿಕೊಂಡು ಹೋಗಿ ಅತ್ತಿಗೆ ಎಂದು ಫೋನು ಕೈಗೆತ್ತಿಕೊಂಡಳು. ಅಭ್ಯಾಸಬಲದಿಂದ ನಾನು ಹೂಂ ಎನ್ನುವುದರಲ್ಲಿದ್ದೆ.

“ಬೇಡ ಅತ್ತೆ” ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ. “ಅಲ್ಲೇ ಮಾಡಿಸ್ತೀನಿ.”

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ನಾದಿನಿಗೆ ಬೇಜಾರಾಯಿತು, ಇಲ್ಲಿನ ಡಾಕ್ಟರುಗಳು ಇವರಿಗೆ ಸಾಲದಾದರೇನೋ ಎಂದು ಗಂಡನಿಗೆ ಹೇಳುವುದು ಕೇಳಿಸಿತು.

ಜನವರಿಯಲ್ಲಿ ಮಗಳು ಹ್ಯಾರಿಸನ್ನಿನಿಂದ ಬಂದು ನನ್ನನ್ನು ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕೊಳದ ಆ ಬೆಳಗಿನಿಂದ ನಮ್ಮ ನಡುವೆ ಊಟ, ಟಿಕೆಟ್ಟು, ಬ್ಯಾಗಿನ ತೂಕದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಳಗೆ ನರ್ಸು ಫಾರ್ಮು ಹಿಡಿದು ಒಂದೊಂದಾಗಿ ಕೇಳಿದಳು. ಎದೆನೋವು ಇದೆಯಾ? ನೋ. ನಡೆಯುವಾಗ ಎದೆ ಬಿಗಿಯುವುದು, ಉಸಿರು ಕಟ್ಟುವುದು? ನಾನು ನೋ ಎಂದೆ.

ಮಗಳು ಗೋಡೆಗೆ ಒರಗಿ ನಿಂತಿದ್ದಳು. “ಲೇಸ್” ಎಂದಳು, ಅಷ್ಟೆ.

ನರ್ಸಿಗೆ ಅರ್ಥವಾಗಲಿಲ್ಲ. ನಾನು ಮಗಳ ಮುಖ ನೋಡಿದೆ. ಆಮೇಲೆ ನರ್ಸಿನ ಕಡೆ ತಿರುಗಿ, ಯೆಸ್, ಒಮ್ಮೆ ಆಗಿದೆ, ಬೆಟ್ಟದ ಮೇಲೆ, ನಾನು ಯಾರಿಗೂ ಹೇಳಲಿಲ್ಲ ಎಂದೆ. ಅವಳು ಬರೆದುಕೊಂಡಳು. ಬರೆಯಲು ಅವಳಿಗೆ ನಾಲ್ಕು ಸೆಕೆಂಡು ಹಿಡಿಯಿತು.

ಎದೆಗೆ ತಂತಿ ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸಿದರು. ಎರಡೆರಡು ನಿಮಿಷಕ್ಕೆ ಅದನ್ನು ಮುಂದೆ ಎತ್ತರಿಸುತ್ತ ಹೋದರು, ಗುಡ್ಡದ ಹಾಗೆ. ನಾನು ಮುಂದೆ ನೋಡಿಕೊಂಡು ಹತ್ತಿದೆ. ಮಗಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಫೋನು ನೋಡಲಿಲ್ಲ. ಮುಗಿದ ಮೇಲೆ ಡಾಕ್ಟರು ಬಂದು ನಿಮ್ಮ ಹೃದಯ ಚೆನ್ನಾಗಿದೆ, ಬೆಟ್ಟದ ಮೇಲೆ ಆದದ್ದು ಗಾಬರಿಯಿಂದ ಇರಬೇಕು, ಬಹಳ ವರ್ಷ ಬಾಳುತ್ತೀರಿ ಎಂದು ನಗುತ್ತ ಹೇಳಿದರು. ಒಳ್ಳೆಯ ಸುದ್ದಿಯನ್ನೇ ಕೊಡುತ್ತಿದ್ದೇನೆ ಎಂದುಕೊಂಡಿದ್ದರು, ಪಾಪ.

ಅಪಾಯಿಂಟ್‌ಮೆಂಟ್ ಕೇಳಿದ ನಾಲ್ಕನೆಯ ದಿನಕ್ಕೇ ಸಿಕ್ಕಿತ್ತು. ಆ ಡಾಕ್ಟರ ಆಫೀಸು ನಾವು ವಾರವಾರ ತರಕಾರಿ ತರುವ ಅಂಗಡಿಯ ಹಿಂದೆಯೇ ಇದೆ. ಮನೆಯಿಂದ ಕಾರಿನಲ್ಲಿ ಹನ್ನೊಂದು ನಿಮಿಷ. ಅದರ ಬೋರ್ಡನ್ನು ಅವರು ಪ್ರತಿ ಶನಿವಾರ ಗಟ್ಟಿಯಾಗಿ ಓದುತ್ತಿದ್ದರು.